ಬಲಗೆನ್ನೆಯ ಬೀಗ

ಮನೆಯ ಹಿರಿಯರಿಗೆ ಲಕ್ವ ಹೊಡೆದರೆ ಉಳಿದವರು ಕೈ ಎತ್ತಿ ನೋಡುತ್ತಾರೆ, ಕಾಲು ಮುಟ್ಟಿ ನೋಡುತ್ತಾರೆ, ಮಾತು ಬಂತೇ ಎಂದು ಕಿವಿಗೊಡುತ್ತಾರೆ. ಈ ಮನೆಯಲ್ಲಿ ಎಲ್ಲರ ಕಣ್ಣೂ ಬಲಗೆನ್ನೆಯ ಮೇಲಿತ್ತು. ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ದೊಡ್ಡ ಮಗ ಮಂಚದ ಹತ್ತಿರ ಬಂದು, ಅಪ್ಪನ ಮುಖದ ಮುಂದೆ ಬಗ್ಗಿ, ಸ್ವಲ್ಪ ನಗು ನೋಡೋಣ ಎನ್ನುತ್ತಿದ್ದ. ಅಪ್ಪನ ತುಟಿ ಎಡಗಡೆ ಮೇಲೇಳುತ್ತಿತ್ತು. ಬಲಗಡೆ ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದೇ ಇರುತ್ತಿತ್ತು. ಮಗ ನಿಟ್ಟುಸಿರು ಬಿಟ್ಟು, ಶಾಲೆಯ ವ್ಯಾನು ಓಡಿಸಲು ಹೊರಡುತ್ತಿದ್ದ.

ಇದನ್ನು ಕಂಡ ಅಕ್ಕಪಕ್ಕದವರು ಇಂಥ ಮಗನನ್ನು ಪಡೆಯಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೊಗಳಿದರು. ಅವನ ತಾಯಿ ಹೌದೆಂದು ತಲೆಯಾಡಿಸಿದಳು. ಬೀದಿಗೆಲ್ಲ ಅವಳು ಅಜ್ಜಿಯೇ. ಹೊಗಳುವವರ ಬಾಯಿಯನ್ನು ಯಾಕೆ ಕಟ್ಟಬೇಕು ಎಂಬುದು ಅವಳ ಲೆಕ್ಕ.

ಅವಳ ಯಜಮಾನರು ಬದುಕೆಲ್ಲ ಕ್ಷೌರದ ಅಂಗಡಿ ನಡೆಸಿದವರು. ಕೈ ನಡುಗಲು ಶುರುವಾದಾಗ, ಯಾರದಾದರೂ ಕಿವಿ ಕುಯ್ಯುವ ಮುಂಚೆ ಮಾನವಾಗಿ ನಿಲ್ಲಿಸುತ್ತೇನೆ ಎಂದು ಅಂಗಡಿ ಮಾರಿಬಿಟ್ಟರು. ಬಂದ ಹಣವನ್ನು ಬ್ಯಾಂಕಿನಲ್ಲಿ ಇಡಿ ಎಂದು ಹೆಂಡತಿ ಹೇಳಿದ್ದಳು. ಆದರೆ ಕುರ್ಚಿಯಲ್ಲಿ ಕೂತ ಗಿರಾಕಿಗಳು ವರ್ಷಗಟ್ಟಲೆ ಅವರ ಕಿವಿಗೆ ಬಿಟ್‌ಕಾಯಿನ್ ಪುರಾಣ ಊದಿದ್ದರು. ಕತ್ತಿಯ ಕೆಳಗೆ ಕತ್ತು ಕೊಟ್ಟು ಕೂತವನು ಸುಳ್ಳು ಹೇಳುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಅಂಗಡಿಯ ಹಣವಷ್ಟೂ ಅವರ ಫೋನಿನ ಒಂದು ಆ್ಯಪಿನೊಳಗೆ ಹೋಗಿ ಕಾಯಿನ್ ಆಗಿ ಕೂತಿತು.

ಆ ಆ್ಯಪಿನ ಬಾಗಿಲಿಗೆ ಅವರ ಮುಖವೇ ಬೀಗದ ಕೈ. ಕಣ್ಣು ಮಿಟುಕಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನಗಿ ಎಂದು ಪರದೆಯ ಮೇಲೆ ಒಂದೊಂದಾಗಿ ಬರುತ್ತದೆ. ಹೇಳಿದ ಹಾಗೆ ಮಾಡಿದರೆ ತೆರೆಯುತ್ತದೆ. ಮೂರು ಸಲ ತಪ್ಪಿದರೆ ಇಡೀ ಒಂದು ದಿನ ಮುಚ್ಚಿಕೊಳ್ಳುತ್ತದೆ. ಲಕ್ವ ಹೊಡೆದ ಮೇಲೆ ಯಜಮಾನರು ಕಣ್ಣು ಮಿಟುಕಿಸಬಲ್ಲರು, ಎಡಬಲ ತಿರುಗಬಲ್ಲರು. ನಗುವಿನ ಹತ್ತಿರ ಬಂದು ಎಲ್ಲ ಕೆಡುತ್ತಿತ್ತು. ಮಕ್ಕಳು ಕಂಪನಿಗೆ ಬರೆದರು. ಖಾತೆದಾರರೇ ಮುಖ ತೋರಿಸಲಿ ಎಂಬ ಒಂದೇ ಉತ್ತರ ಪ್ರತಿ ಸಲವೂ ಬಂತು.

ಆ ಆ್ಯಪಿನೊಳಗೆ ಒಂದು ಕಾಸೂ ಇಲ್ಲವೆಂಬುದು ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರಿಗೆ ಮಾತು ಬಿದ್ದುಹೋಗಿತ್ತು. ಇನ್ನೊಬ್ಬಳು ಬಾಯಿ ಬಿಡುತ್ತಿರಲಿಲ್ಲ.

ಲಕ್ವ ಹೊಡೆಯುವ ಹಿಂದಿನ ಸಂಜೆ ಅಜ್ಜಿ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಯಜಮಾನರು ಬಂದು ಬಾಗಿಲಲ್ಲೇ ಕುಕ್ಕರಿಸಿದರು. ಮಧ್ಯಾಹ್ನ ಕಂಪನಿಯ ಭದ್ರತಾ ವಿಭಾಗದವನು ಎಂದು ಒಬ್ಬ ಫೋನು ಮಾಡಿದ್ದನಂತೆ. ನಿಮ್ಮ ಖಾತೆಗೆ ಕಳ್ಳರು ಕೈ ಹಾಕಿದ್ದಾರೆ, ಈಗಲೇ ಇನ್ನೊಮ್ಮೆ ಮುಖ ತೋರಿಸಿ ಬೀಗ ಬದಲಾಯಿಸಬೇಕು ಎಂದು ಒಂದು ಲಿಂಕ್ ಕಳಿಸಿದನಂತೆ.

"ಎಡಕ್ಕೆ ತಿರುಗಿ ಅಂದ, ತಿರುಗಿದೆ. ಗದ್ದ ಮೇಲೆತ್ತಿ ಅಂದ, ಎತ್ತಿದೆ," ಎಂದರು ಯಜಮಾನರು. "ನಾನು ಗಿರಾಕಿಗೆ ಹೇಳ್ತಿದ್ದೆನಲ್ಲ, ಥೇಟ್ ಹಾಗೇ ಹೇಳಿದ ಕಣೇ. ಕೆಲಸ ಬಲ್ಲವನು ಅಂದುಕೊಂಡೆ. ಕೊನೇಲಿ ನಗಿ ಅಂದ."

"ನಕ್ಕ್ರಾ?"

"ನಕ್ಕೆ."

ಆಮೇಲೆ ಆ್ಯಪ್ ತೆರೆದರೆ ಒಳಗೆ ಸೊನ್ನೆ. ಅವರ ನಗುವನ್ನು ಅವರಿಂದಲೇ ಈಸಿಕೊಂಡು ಅವರ ಮನೆಗೇ ಕನ್ನ ಹಾಕಿದ್ದರು. ಮಕ್ಕಳಿಗೆ ನೀನು ಹೇಳಬೇಡ, ನಾಳೆ ಬೆಳಗ್ಗೆ ನಾನೇ ಹೇಳುತ್ತೇನೆ ಎಂದು ಅವಳಿಂದ ಮಾತು ತೆಗೆದುಕೊಂಡರು. ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತು. ಅವರು ಬಚ್ಚಲಲ್ಲೇ ಕುಸಿದರು.

ಸರ್ಕಾರಿ ಆಸ್ಪತ್ರೆಯವರು ಜೀವ ಉಳಿಸಿ, ಇನ್ನು ಮನೆಯಲ್ಲಿ ಫಿಸಿಯೋ ಮಾಡಿಸಿ ಎಂದು ಕಳಿಸಿದರು. ಅದರ ದರ ಕೇಳಿ ದೊಡ್ಡ ಮಗ, ಎಣ್ಣೆ ಹಚ್ಚಿ ತಿಕ್ಕಿದರೆ ಸಾಕು, ಇದೆಲ್ಲ ದುಡ್ಡಿದ್ದವರ ಕಾಯಿಲೆಗೆ ಎಂದ. ಚಿಕ್ಕ ಮಗನೂ ಹೂಂಗುಟ್ಟಿದ. ಅವನದು ಊಟದ ಪೊಟ್ಟಣ ಮನೆಮನೆಗೆ ಮುಟ್ಟಿಸುವ ಕೆಲಸ. ಗಾಡಿಯ ಕಂತು ಕಟ್ಟಿ ಉಳಿದದ್ದರಲ್ಲಿ ಅವನೇನು ಕೊಟ್ಟಾನು? ಅಜ್ಜಿ ಅವತ್ತು ಸೊಸೆಯ ಕೈಯಿಂದ ಎಣ್ಣೆಯ ಬಟ್ಟಲು ಇಸಿದುಕೊಂಡು, ಕೊರಡಿನಂತೆ ಬಿದ್ದಿದ್ದ ಕಾಲನ್ನು ಅಳುತ್ತಾ ತಿಕ್ಕಿದಳು.

ಮೂರ್ನಾಲ್ಕು ದಿನ ಕಳೆದ ಮೇಲೆ ಚಿಕ್ಕವನಿಗೆ ಕಾಯಿನ್ ನೆನಪಾಯಿತು. ಫೋನು ತಂದು ಅಪ್ಪನ ಮುಖಕ್ಕೆ ಹಿಡಿದ. ನಗು ಬರಲಿಲ್ಲ. ಮರುದಿನವೇ ಫಿಸಿಯೋ ಹುಡುಗಿ ಬಂದಳು.

"ಮುಖಕ್ಕೆ ಮಾತ್ರ ಎಷ್ಟಾಗುತ್ತೆ?" ಎಂದು ದೊಡ್ಡ ಮಗ ಕೇಳಿದ.

ಹುಡುಗಿ ಚೀಲ ಕೆಳಗಿಟ್ಟು ಅವನನ್ನು ಒಮ್ಮೆ ನೋಡಿದಳು. "ಮುಖಕ್ಕೊಂದು ಕಾಲಿಗೊಂದು ದರ ಇಲ್ಲ ಸರ್. ಇಡೀ ಮನುಷ್ಯನಿಗೆ ಒಂದೇ."

ಮುಖದ ಲೆಕ್ಕದಲ್ಲಿ ಕಾಲಿಗೂ ಕೈಗೂ ಮಾತಿಗೂ ಆರೈಕೆ ಆಗುತ್ತದೆಂದು ಅಜ್ಜಿಗೆ ಅರ್ಥವಾದದ್ದು ಆ ಕ್ಷಣ. ಬಾಯಿ ತೆರೆಯಬೇಕೆಂದು ಎದ್ದಿದ್ದವಳು ಹಾಗೇ ಕೂತಳು. ಆ್ಯಪಿನ ಬಾಗಿಲು ಮುಚ್ಚಿರುವವರೆಗೆ ಹುಡುಗಿ ಬರುತ್ತಾಳೆ. ತೆರೆದ ದಿನ ಎಣ್ಣೆಯ ಬಟ್ಟಲೇ ಗತಿ. ಹೆತ್ತ ಮಕ್ಕಳಿಗೆ ಮೋಸ ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ಖರ್ಚು ಎಲ್ಲರ ಮೈಮೇಲೂ ಬಿತ್ತು. ಸೊಸೆ ಇಸ್ತ್ರಿ ಅಂಗಡಿಯಲ್ಲಿ ದುಡಿಯುವವಳು. ಈಗ ಅಲ್ಲಿ ಮುಗಿಸಿ ಇನ್ನೆರಡು ಮನೆಯ ಬಟ್ಟೆ ತಂದು ಮನೆಯಲ್ಲೂ ಉಜ್ಜತೊಡಗಿದಳು. ಮುಂಗೈ ಮೇಲೆ ಹೊಸ ಸುಟ್ಟ ಗಾಯ ಕಾಣಿಸಿಕೊಂಡಿತು. ಮೊಮ್ಮಗಳು ಸಂಜೆಯ ಕಂಪ್ಯೂಟರ್ ಕ್ಲಾಸು ಬಿಟ್ಟಳು, ಯಾಕೆಂದು ಕೇಳಲೂ ಇಲ್ಲ. ಮೊಟ್ಟೆ ದಿನಕ್ಕೊಂದೇ, ಅದೂ ತಾತನಿಗೆ. ಒಂದು ಮಧ್ಯಾಹ್ನ ಬಿಸಿಲಲ್ಲಿ ಸುತ್ತಿ ಬಂದ ಚಿಕ್ಕವನು ಹಸಿವು ತಡೆಯಲಾರದೆ ಬೇಯಿಸಿಟ್ಟ ಮೊಟ್ಟೆಗೆ ಕೈ ಹಾಕಿದ. ಸೊಸೆ ಸೌಟಿನಿಂದ ಅವನ ಕೈಗೆ ಮೆಲ್ಲಗೆ ಹೊಡೆದು, ಅದು ಮಾವನ ಮೊಟ್ಟೆ ಅಲ್ಲ ಮಾರಾಯ, ಈ ಮನೆ ಮೊಟ್ಟೆ, ನಿನ್ನ ಮದುವೆಯೂ ಅದರೊಳಗೇ ಇದೆ ಎಂದಳು. ಎಲ್ಲರೂ ನಕ್ಕರು.

ಊಟಕ್ಕೆ ಕೂತಾಗೆಲ್ಲ ಆ ದುಡ್ಡಿನದೇ ಮಾತು. ಮಾತಿನಲ್ಲೇ ದೊಡ್ಡವನು ಸ್ವಂತ ವ್ಯಾನು ಕೊಂಡಾಗಿತ್ತು. ಚಿಕ್ಕವನು ಮದುವೆಯಾಗಿ ಬೇರೆ ಮನೆ ಹಿಡಿದಾಗಿತ್ತು. ಮೊಮ್ಮಗಳು ಒಳ್ಳೆಯ ಕಾಲೇಜಿಗೆ ಸೇರಿದ್ದಳು. ಸೊಸೆ ಮಾತ್ರ, ನಲ್ಲಿ ಒಳಗಿರೋ ಮನೆ ಸಿಕ್ಕರೆ ಸಾಕಪ್ಪ, ಬಿಂದಿಗೆ ಹೊತ್ತು ಸೊಂಟ ಹೋಯ್ತು ಎನ್ನುತ್ತಿದ್ದಳು. ಅಜ್ಜಿ ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸುತ್ತಿದ್ದಳು.

ಫಿಸಿಯೋ ಹುಡುಗಿ ಮೈಗಳ್ಳಿಯಲ್ಲ. ಮೊದಲು ಕಾಲಿನ ಬೆರಳು ಅಲುಗಿತು. ಆಮೇಲೆ ಮಂಡಿ ಸ್ವಲ್ಪ ಮಡಚಿತು. ಒಂದು ಬೆಳಗ್ಗೆ ಗಂಜಿ ತಿನ್ನಿಸುತ್ತಿದ್ದ ಸೊಸೆಯನ್ನು ನೋಡಿ ಯಜಮಾನರು "ಸಾಕು ಮಗಾ" ಎಂದರು. ಎರಡು ಮಾತು ಒಟ್ಟಿಗೆ ಬಂದದ್ದು ಅದೇ ಮೊದಲು. ಸೊಸೆ ಗಂಜಿಯ ಬಟ್ಟಲು ಹಿಡಿದುಕೊಂಡೇ ಹೊರಗೆ ಓಡಿ, ಬಟ್ಟೆ ಒಣಹಾಕುತ್ತಿದ್ದ ಅತ್ತೆಗೆ ಹೇಳಿದಳು. ಅತ್ತೆ ಸೊಸೆ ಇಬ್ಬರೂ ಹಗ್ಗದ ಕೆಳಗೆ ನಿಂತು ಅತ್ತರು. ಈ ಒಂದು ದಿನಕ್ಕಾಗಿ ಎಷ್ಟು ಸುಳ್ಳಾದರೂ ಹೇಳಬಹುದು ಎಂದು ಅಜ್ಜಿಗೆ ಅನ್ನಿಸಿತು.

ಯಜಮಾನರ ಗಡ್ಡ ತೆಗೆಯುವುದು ಅವಳ ಪಾಲಿನ ಕೆಲಸವಾಗಿತ್ತು. ಊರಿನವರ ಗಡ್ಡವೆಲ್ಲ ಹೆರೆದ ಗಂಡಸಿನ ಗಡ್ಡಕ್ಕೆ ಕೈ ಹಾಕುವುದೆಂದರೆ ಹುಡುಗಾಟವೇ? ಅವಳು ಸೋಪಿನ ನೊರೆ ಹಚ್ಚಿ, ಉಸಿರು ಬಿಗಿಹಿಡಿದು ರೇಜರ್ ಎಳೆಯುವಳು. ಒಂದು ದಿನ ಕೈ ಜಾರಿ ಮೀಸೆಯ ಒಂದು ತುದಿ ಹೋಯಿತು.

"ಅರ್ಧ ಮೀಸೆ ಹೋಯ್ತು ರೀ," ಎಂದಳು. "ಉಳಿದರ್ಧ ಇರಲೋ ತೆಗೀಲೋ ಬೇಗ ಹೇಳಿ. ನನಗೆ ಅಡುಗೆ ಕೆಲಸ ಇದೆ."

ಯಜಮಾನರು ನಕ್ಕುಬಿಟ್ಟರು. ನೊರೆಯ ನಡುವೆ ಎಡಗಡೆಯೂ ಬಲಗಡೆಯೂ ತುಟಿ ಮೇಲೆದ್ದಿತು, ಸೊಟ್ಟಗಾದರೂ ತುಂಬು ನಗು. ಅಜ್ಜಿಯ ಎದೆ ಹಿಗ್ಗಿತು. ಮರುಗಳಿಗೆಯಲ್ಲೇ ಬಾಗಿಲ ಕಡೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ರೀ, ನಗಬೇಡಿ," ಎಂದು ಅವರ ಕಿವಿಯ ಹತ್ತಿರ ಬಗ್ಗಿದಳು. "ಮಕ್ಕಳು ಫೋನು ಹಿಡಿದಾಗ ನಗಬೇಡಿ. ನೀವು ನಕ್ಕ ದಿನ ಆ ಹುಡುಗಿ ಬರೋದು ನಿಂತುಹೋಗುತ್ತೆ. ನೀವು ಎದ್ದು ನಿಲ್ಲೋವರೆಗೆ ಬೇಡ."

ಅವರು ಎಡಗೈಯಿಂದ ಬಾಯಿಯ ನೊರೆ ಒರೆಸಿಕೊಂಡು "ಹೂಂ" ಎಂದರು.

ಅಂದಿನಿಂದ ಅವರು ನಗುವುದಿರಲಿ, ನಗಲು ಪ್ರಯತ್ನಪಡುವುದನ್ನೂ ಬಿಟ್ಟರು. ಹುಡುಗಿ ಕನ್ನಡಿ ಹಿಡಿದು ಕೆನ್ನೆ ಉಬ್ಬಿಸಿ, ತುಟಿ ಎಳೀರಿ ಎಂದರೆ ಮುಖ ಗೋಡೆಯ ಕಡೆ ತಿರುಗಿಸುವರು. ಹುಡುಗಿ ಅಜ್ಜಿಯನ್ನು ಆಚೆ ಕರೆದು ಬೇಸರ ತೋಡಿಕೊಂಡಳು. ಇದ್ದಕ್ಕಿದ್ದ ಹಾಗೆ ಬರುವ ನಗುವೇ ಬೇರೆ, ನಗಿ ಅಂದಾಗ ನಗುವುದೇ ಬೇರೆ, ಅದನ್ನು ದಿನವೂ ಅಭ್ಯಾಸ ಮಾಡಬೇಕು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಬಂತು, ಆಮೇಲೆ ಕಷ್ಟ. ತಾತ ಯಾಕೆ ಹಟ ಹಿಡಿದಿದ್ದಾರೆ, ನೀವಾದರೂ ಹೇಳಿ ಎಂದಳು. ಅಜ್ಜಿ ಹೇಳುತ್ತೇನೆ ಎಂದಳು. ಗಂಡನಿಗೆ ವಾಸಿಯಾಗಲೆಂದು ಹಿಡಿದ ದಾರಿಯಲ್ಲಿ ತಾನೇ ಅಡ್ಡ ಕೂತಿದ್ದಾಳೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಮಕ್ಕಳ ತಾಳ್ಮೆ ಸವೆಯುತ್ತಾ ಬಂತು. ದೊಡ್ಡವನು ಔಷಧಿ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಟೇಪು ತಂದ. ಅಪ್ಪನ ಬಲಗೆನ್ನೆಯನ್ನು ಬೆರಳಲ್ಲಿ ಮೇಲೆತ್ತಿ, ತುಟಿಯ ತುದಿಯಿಂದ ಕಿವಿಯವರೆಗೆ ಟೇಪು ಬಿಗಿದ. ಚಿಕ್ಕವನು ಫೋನು ಹಿಡಿದ. ಮೂರು ಸಲವೂ ಆ್ಯಪ್ ಒಪ್ಪಲಿಲ್ಲ. ಬೆಳಕು ಸಾಲದು ಎಂದು ಇವನು, ನೀನು ಕೈ ಅಲುಗಿಸಿದೆ ಎಂದು ಅವನು. ಇಬ್ಬರೂ ಅಪ್ಪನ ತಲೆಯ ಮೇಲೆಯೇ ಕಿತ್ತಾಡಿದರು. ಟೇಪು ಕೀಳುವಾಗ ಚರ್ಮವೂ ಸ್ವಲ್ಪ ಕಿತ್ತು ಬಂತು. ಅಜ್ಜಿ ಕೊಬ್ಬರಿ ಎಣ್ಣೆ ಸವರಿದಳು. ಮರುದಿನ ಅದೇ ಜಾಗಕ್ಕೆ ಮತ್ತೆ ಟೇಪು.

ತಿಂಗಳ ಕೊನೆಗೆ ದೊಡ್ಡವನು ಖಂಡಿತವಾಗಿ ಹೇಳಿದ, ಇನ್ನು ಹುಡುಗಿ ಬೇಡ. ಕಾಲು ಬರುತ್ತಿದೆಯಲ್ಲ ಎಂದು ಅಜ್ಜಿ ಗೋಗರೆದಳು.

"ಮುಖವೇ ಬರದ ಮೇಲೆ ಕಾಲು ಬಂದು ಏನಮ್ಮ ಮಾಡಬೇಕು?"

ಮರುದಿನ ಸೊಸೆಯ ಕತ್ತು ಬರಿದಾಗಿತ್ತು. ತವರಿನವರು ಹಾಕಿದ್ದ ಸರವನ್ನು ಅಡವಿಟ್ಟು, ಇನ್ನೊಂದು ತಿಂಗಳ ಫಿಸಿಯೋ ಹಣವನ್ನು ಹುಡುಗಿಯ ಕೈಗೆ ಕೊಟ್ಟು ಬಂದಿದ್ದಳು. ಗಂಡ ರೇಗಿದ್ದಕ್ಕೆ, ಮಾವ ಈಗೀಗ ಮಗಾ ಅಂತಾರೆ, ಬಾಯಿ ತುಂಬ ಹಾಗೆ ಕರೆದವರು ಯಾರಿದ್ದಾರೆ ನನಗೆ ಎಂದಳು. ಅಜ್ಜಿ ಅವಳ ಬೋಳು ಕತ್ತು ನೋಡಿದಳು. ಅಷ್ಟು ದಿನ ಕಲ್ಲಾಗಿದ್ದ ಮನಸ್ಸು ಅಲ್ಲಿ ಒಡೆಯಿತು.

ಅವತ್ತು ಎಲ್ಲರಿಗೂ ಬಡಿಸಿ, ತಾನು ತಟ್ಟೆ ಹಾಕಿಕೊಳ್ಳದೆ ಅವಳು ಎಲ್ಲವನ್ನೂ ಹೇಳಿದಳು. ಫೋನು ಬಂದದ್ದು, ಲಿಂಕು, ನಗು, ಸೊನ್ನೆ. ಚಿಕ್ಕವನು ಮೊದಲು ಬಾಯಿ ಬಿಟ್ಟ.

"ಹಿಂದಿನ ದಿನವೇ ಹೋಗಿತ್ತು ಅಂತೀಯ. ಮತ್ತೆ ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ?"

"ಹೇಳಿದ್ದರೆ ಆ ಹುಡುಗಿನ ಕರೆಸ್ತಿದ್ರಾ?"

ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ದೊಡ್ಡವನಿಗೆ ಕೋಪ ನೆತ್ತಿಗೇರಿತು. ನಮ್ಮನ್ನು ಅಷ್ಟು ಕಟುಕರು ಅಂದುಕೊಂಡೆಯಾ ಎಂದು ಕೂಗಾಡಿದ. ಕೂಗುತ್ತಾ ಕೂಗುತ್ತಾ ಅವನಿಗೆ ಬೇರೊಂದು ಅರ್ಥ ಹೊಳೆಯಿತು. ದುಡ್ಡು ಎಲ್ಲೂ ಹೋಗಿಲ್ಲ, ನಾವು ಆಸೆ ಬಿಟ್ಟರೆ ಅಪ್ಪನಿಗೆ ವಾಸಿಯಾದ ಮೇಲೆ ತಾನೊಬ್ಬಳೇ ತೆಗೆದುಕೊಂಡು ಚಿಕ್ಕವನಿಗೆ ಕೊಡಬೇಕೆಂದು ಇವಳು ಕಥೆ ಕಟ್ಟಿದ್ದಾಳೆ ಎಂದ. ಚಿಕ್ಕವನು, ನನಗೆ ಯಾಕೆ ಕೊಡ್ತಾಳೆ, ಮೊದಲಿಂದಲೂ ನೀನೇ ಅವಳ ಮುದ್ದು ಎಂದ. ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ, ಅಮ್ಮ ಸುಳ್ಳು ಹೇಳುತ್ತಿದ್ದಾಳೆ. ಅಷ್ಟು ದಿನ ಸುಳ್ಳಾಡಿದಾಗ ನಂಬಿದ ಮಕ್ಕಳು ನಿಜ ಹೇಳಿದಾಗ ನಂಬಲಿಲ್ಲ.

ನಂಬಿದವಳು ಸೊಸೆ ಒಬ್ಬಳೇ. ತಟ್ಟೆ ಎತ್ತಿಕೊಂಡು ಏಳುವಾಗ, "ಸರ ಇಟ್ಟು ಬರೋಕೆ ಮುಂಚೆ ಹೇಳಬಹುದಿತ್ತಲ್ಲ ಅತ್ತೆ," ಎಂದಳು. ಆಮೇಲೆ ಅವಳು ಅತ್ತೆಯ ಜೊತೆ ಬೇಕಾದದ್ದಕ್ಕೆ ಮಾತ್ರ ಮಾತಾಡಿದಳು. ಉಪ್ಪು ಎಲ್ಲಿದೆ, ಹಾಲಿನವನು ಬಂದನೇ, ಅಷ್ಟೇ. ಮಾವನಿಗೆ ಗಂಜಿ ತಿನ್ನಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಭಾನುವಾರ ಮಧ್ಯಾಹ್ನ ದೊಡ್ಡವನು ಅಪ್ಪನನ್ನು ಎತ್ತಿ ತಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಬೆಳಕು ಚೆನ್ನಾಗಿತ್ತು. ಇವತ್ತು ಇದ್ದದ್ದು ಇದ್ದ ಹಾಗೆ ಗೊತ್ತಾಗಿಬಿಡಲಿ ಎಂದು ಟೇಪು ಹರಿದು, ಗಾಯವಾದ ಕೆನ್ನೆಗೇ ಬಿಗಿದು ಎಳೆದ. ಯಜಮಾನರು ನೋವಿಗೆ ನರಳಿದರು. ಅಜ್ಜಿ ಅಡ್ಡ ಬಂದಳು. ಅವನು ತಾಯಿಯ ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. ಜೋರಾಗಿ ತಳ್ಳಿದ್ದಲ್ಲ, ಆದರೂ ಅವಳು ಗೋಡೆಗೆ ತಾಗಿದಳು.

"ಅಪ್ಪಾ, ದುಡ್ಡು ಹೋಗಿದೆ ಅಂತಾಳೆ ಅಮ್ಮ. ಸುಳ್ಳಲ್ವಾ?"

ಯಜಮಾನರು ಸುಳ್ಳಲ್ಲ ಎಂದು ತಲೆಯಾಡಿಸಿದರು. ಅಪ್ಪನಿಗೇನು ಅರ್ಥವಾಗುತ್ತದೆ, ಅಮ್ಮ ಹೇಳಿಕೊಟ್ಟ ಹಾಗೆ ಆಡಿಸುತ್ತಾರೆ ಎಂದ ಚಿಕ್ಕವನು. ಆಗ ಯಜಮಾನರ ಎಡಗೈ ಮೇಲೆದ್ದಿತು. ಟೇಪನ್ನು ತಾವೇ ಕಿತ್ತು ಎಸೆದರು. ಅದೇ ಕೈಯನ್ನು ಫೋನಿಗೆ ಚಾಚಿದರು. ಏನೆಂದು ತಿಳಿಯದೆ ಚಿಕ್ಕವನು ಕೊಟ್ಟುಬಿಟ್ಟ.

ಅವರು ಗೋಡೆಗೆ ಒರಗಿದ್ದ ಹೆಂಡತಿಯ ಕಡೆ ನೋಡಿದರು. ಬೇಡ ಎಂದು ಅವಳು ತಲೆಯಾಡಿಸಿದಳು. ಕೈ ಮುಗಿದಳು. ಅವರು ಫೋನಿನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಆಮೇಲೆ ನಕ್ಕರು. ಎಡಗಡೆ ಮೊದಲು ಎದ್ದಿತು. ಬಲಗಡೆ ನಡುಗಿತು, ನಿಂತಿತು, ಮತ್ತೆ ನಡುಗುತ್ತಾ ಮೇಲೆ ಹೋಯಿತು. ಹಣೆಯಲ್ಲಿ ಬೆವರು ಮೂಡಿತು.

ಆ್ಯಪ್ ತೆರೆಯಿತು. ದೊಡ್ಡವನು ಫೋನು ಕಸಿದುಕೊಂಡ. ಎಲ್ಲರ ತಲೆಗಳೂ ಅದರ ಮೇಲೆ ಬಗ್ಗಿದವು. ಸೊನ್ನೆ. ಮೊಮ್ಮಗಳು ಕೆಳಗೆ ಸರಿಸಿ, ಎಲ್ಲ ಒಂದೇ ಸಲ ಹೋಗಿದೆ, ತಾತನಿಗೆ ಹುಷಾರು ತಪ್ಪಿದ ಹಿಂದಿನ ದಿನ ಎಂದು ಓದಿ ಹೇಳಿದಳು. ಚಿಕ್ಕವನು ನೆಲದ ಮೇಲೆ ಕೂತ. ಅವತ್ತೇ ಪೊಲೀಸರಿಗೆ ದೂರು ಕೊಟ್ಟಿದ್ದರೆ ಸ್ವಲ್ಪವಾದರೂ ತಡೆಹಿಡಿಯುತ್ತಿದ್ದರೋ ಏನೋ, ಇಷ್ಟು ತಿಂಗಳಾದ ಮೇಲೆ ಯಾರನ್ನು ಹುಡುಕುವುದು ಎಂದ. ಅಜ್ಜಿಗೆ ಇದು ಹೊಸ ಮಾತು. ಹಾಗೂ ಒಂದು ದಾರಿ ಇತ್ತೆಂದು, ತಾನು ಬಾಯಿ ಮುಚ್ಚಿದ ಒಂದೊಂದು ದಿನವೂ ಅದನ್ನು ಮುಚ್ಚಿತೆಂದು ಅವಳಿಗೆ ಆಗ ತಿಳಿಯಿತು.

"ಅಪ್ಪನಿಗೆ ನಗೋಕೆ ಬರ್ತಿತ್ತು," ಎಂದ ದೊಡ್ಡ ಮಗ. ಕೂಗಲಿಲ್ಲ. "ಇಬ್ಬರೂ ಸೇರಿಕೊಂಡು ಮಾಡಿದ್ರಿ."

ಯಾರೂ ಕುರ್ಚಿಯ ಕಡೆ ನೋಡಲಿಲ್ಲ. ಯಜಮಾನರು ಇನ್ನೂ ನಗುತ್ತಲೇ ಇದ್ದರು. ಸಾಕು ಎಂದು ಯಾರೂ ಹೇಳಿರಲಿಲ್ಲ, ಎತ್ತಿ ಹಿಡಿದ ತುಟಿ ಅದುರುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಅಜ್ಜಿ ಹತ್ತಿರ ಹೋಗಿ ಕೆನ್ನೆಯ ಮೇಲೆ ಕೈಯಿಟ್ಟು, ಸಾಕು ಬಿಡಿ ಎಂದಳು. ಆಗ ಬಿಟ್ಟರು.

ದೊಡ್ಡವನು ತನ್ನ ಫೋನು ತೆಗೆದು ಫಿಸಿಯೋ ಹುಡುಗಿಗೆ ಕರೆ ಮಾಡಿದ. ನಾಳೆಯಿಂದ ಬರಬೇಡಿ, ಕೊಟ್ಟಿರುವ ಹಣದಲ್ಲಿ ಉಳಿದದ್ದನ್ನು ವಾಪಸು ಕೊಡಿ, ಹೆಂಡತಿಯ ಸರ ಬಿಡಿಸಬೇಕು ಎಂದ. ಹುಡುಗಿ ಆ ಕಡೆಯಿಂದ ಬಹಳ ಹೊತ್ತು ಏನೋ ಹೇಳುತ್ತಿದ್ದಳು. ಕಾಲಿನ ವಿಷಯವೇ ಇರಬೇಕು. ಮುಂದಿನ ವಾರ ಕೋಲು ಹಿಡಿಸಿ ನಿಲ್ಲಿಸುತ್ತೇನೆ ಎಂದು ಮೊನ್ನೆಯಷ್ಟೇ ಅಜ್ಜಿಗೆ ಹೇಳಿದ್ದಳು.

ದೊಡ್ಡ ಮಗ ಕೊನೆಯವರೆಗೂ ಕೇಳಿಸಿಕೊಂಡ.

"ಇಲ್ಲಮ್ಮ, ಬೇಡ," ಎಂದ. "ವಾಸಿಯಾಯ್ತು. ಈಗ ತಾನೇ ನಕ್ಕರು."